ಉಮೇದಿಲ್ಲದ ದಿನದ ಬರವಣಿಗೆ



ನಮ್ಮೂರು ಇಟಗಿಯಿಂದ ಪಡುವಣಕ್ಕೆ ನಡೆದರೆ ಲಕ್ಕುಂಡಿ. ಅಲ್ಲಿಯ ಬಸದಿಯನ್ನು ಕಟ್ಟಿಸಿದವಳು ಅತ್ತಿಮಬ್ಬೆ. 1007ರ ಶಾಸನ ಅವಳ ಗುಣವನ್ನೂ ದಾನವನ್ನೂ ಬಾಯ್ತುಂಬ ಹೊಗಳುತ್ತದೆ. ಪೊನ್ನ ಕವಿಯ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳು ಅವಳೇ. ಅಚ್ಚುಮೊಳೆ ಕಾಣದ ಕಾಲ. ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕಂಟದಿಂದ ಕೊರೆಯಬೇಕು, ಕೊರೆದ ಗೆರೆಗೆ ಮಸಿ ತೀಡಬೇಕು, ಗರಿಗೆ ತೂತು ಮಾಡಿ ದಾರ ಪೋಣಿಸಿ ಕಟ್ಟಬೇಕು. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ನಾಡು ನೆನೆಯುತ್ತದೆ, ನೆನೆಯಲೇಬೇಕು. ಆದರೆ ಇವತ್ತು ನನ್ನ ಮನಸ್ಸು ಹೋಗುವುದು ಆ ಗರಿಗಳ ಮುಂದೆ ಬೆನ್ನು ಬಾಗಿಸಿ ಕುಳಿತ ಲಿಪಿಕಾರರ ಕಡೆಗೆ. ಅವರ ಹೆಸರು ನಮಗೆ ಉಳಿದಿಲ್ಲ. ನೂರನೆಯ ಪ್ರತಿ ಕೊರೆಯುವ ಹೊತ್ತಿಗೆ ಮೊದಲ ಪ್ರತಿಯ ಸಡಗರ ಉಳಿದಿದ್ದೀತೇ? ಮಳೆಗಾಲದ ಮಬ್ಬಿನಲ್ಲಿ, ಮನೆಯಲ್ಲಿ ಮಗುವಿಗೆ ಜ್ವರ ಬಂದ ದಿನ, ಕಣ್ಣು ಉರಿಯುವ ಸಂಜೆಯಲ್ಲಿ ಅವರು ಏನು ನೆನೆದು ಕಂಟ ಹಿಡಿದರು?

ನಕಲು ಬೇರೆ, ರಚನೆ ಬೇರೆ ಎಂದು ನೀವು ಹೇಳಬಹುದು. ಹೌದು, ಬೇರೆಯೇ. ಆದರೆ ಕೂರುವುದು ಎರಡಕ್ಕೂ ಒಂದೇ. ಇವತ್ತಿನ ನನ್ನ ಮಾತು ಆ ಕೂರುವುದರ ಬಗ್ಗೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಬರೆಯುವವರಿಗೆ ಬರವಿಲ್ಲ. ಕನ್ನಡ ಸಾಲಿ ಮಾಸ್ತರರು, ಅಂಗನವಾಡಿಯ ಅಕ್ಕ, ಬ್ಯಾಂಕಿನ ಗುಮಾಸ್ತರು, ಬಿ.ಎ. ಓದುವ ಹುಡುಗಿ, ಹೊಲ ಮಾಡಿಕೊಂಡೇ ಕವಿತೆ ಕಟ್ಟುವ ತರುಣ, ಹೀಗೆ ಎಲ್ಲ ಕಡೆಯೂ ಇದ್ದಾರೆ. ಇವರ ಜೊತೆ ಮಾತಿಗೆ ಕುಳಿತಾಗ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತು ಒಂದಿದೆ: “ಬರೀಬೇಕು ಅಂತ ಭಾಳ ಐತ್ರೀ ಸರ್, ಆದ್ರ ಕುಂತ್ರ ಉಮೇದ ಬರವಲ್ದು.” ಮೊದಮೊದಲು ವಾರಕ್ಕೊಂದು ಲೇಖನ ಬರೆದವರು ತಿಂಗಳಿಗೊಂದಕ್ಕೆ ಇಳಿಯುತ್ತಾರೆ. ಆಮೇಲೆ ಯುಗಾದಿಗೆ ಒಂದು ಕವಿತೆ, ರಾಜ್ಯೋತ್ಸವಕ್ಕೆ ಒಂದು ಲೇಖನ. ಅದಾದ ಮೇಲೆ ಅದೂ ಇಲ್ಲ. ಪ್ರತಿಭೆ ಬತ್ತಿತು ಎಂದು ಅವರೇ ತಮ್ಮ ಮೇಲೆ ತೀರ್ಪು ಬರೆದುಕೊಳ್ಳುತ್ತಾರೆ. ಆ ತೀರ್ಪು ಸುಳ್ಳು ಎಂದು ನನ್ನ ನಂಬಿಕೆ. ಅವರಲ್ಲಿ ಬಹಳ ಮಂದಿಗೆ ಕಡಿಮೆಯಾದದ್ದು ತಮ್ಮ ಬರಹವನ್ನು ಎದುರು ನೋಡುವ ಒಬ್ಬ ಮನುಷ್ಯ ಮತ್ತು ಅದನ್ನು ಒಪ್ಪಿಸಬೇಕಾದ ಒಂದು ದಿನ. ಇವೆರಡು ಇದ್ದರೆ ಉಮೇದು ತಡವಾಗಿಯಾದರೂ ಬರುತ್ತದೆ. ಬಾರದಿದ್ದರೂ ಬರಹವಂತೂ ಆಗುತ್ತದೆ.

ಈ ಬಾನುಲಿಯನ್ನೇ ನೋಡಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಧಾರವಾಡ ಕೇಂದ್ರ ಬಂದದ್ದು 1950ರ ಜನವರಿಯಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ. ಅಂದಿನಿಂದ ಕನ್ನಡದ ಎಷ್ಟು ಪ್ರಬಂಧಗಳು, ಎಷ್ಟು ನಾಟಕಗಳು, ಎಷ್ಟು ನೆನಪಿನ ಲೇಖನಗಳು ಬಾನುಲಿಯ ಕರೆಗೆ ಓಗೊಟ್ಟು ಹುಟ್ಟಿದವು! ಲೇಖಕರ ಕೈಗೆ ಒಂದು ಪತ್ರ ಬರುತ್ತಿತ್ತು: ವಿಷಯ ಇಂಥದ್ದು, ಅವಧಿ ಇಷ್ಟು ನಿಮಿಷ, ಧ್ವನಿಮುದ್ರಣ ಇಂಥ ದಿನ. ಆ ದಿನ ಲೇಖಕರಿಗೆ ಮನಸ್ಸು ಇರಲಿ ಬಿಡಲಿ, ಕೈಯಲ್ಲಿ ಹಾಳೆ ಇರಲೇಬೇಕು. ಪುಸ್ತಕವಾಗಿ ಬಂದ ಬಾನುಲಿ ಭಾಷಣಗಳನ್ನು ಓದುವಾಗ ಇದು ಹುರುಪಿನಲ್ಲಿ ಬರೆದದ್ದು, ಇದು ಬೇಸರದಲ್ಲಿ ಬರೆದದ್ದು ಎಂದು ನನ್ನಿಂದ ಬೇರ್ಪಡಿಸಲು ಆಗಿಲ್ಲ. ನಿಮ್ಮಿಂದ ಆದೀತೇ, ಓದಿ ನೋಡಿ.

ನಮ್ಮ ಸೀಮೆಯವರೇ ಆದ ಸಿದ್ದಯ್ಯ ಪುರಾಣಿಕರನ್ನು ನೆನೆಯದೆ ಈ ಮಾತು ಮುಂದೆ ಹೋಗಲಾರದು. ಅವರು ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದರು. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪಂಡಿತರು. ಅದೇ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅದರ ಬೋಧನೆಯ ಭಾಷೆ ಉರ್ದು, ನಿಜಾಮರ ಆಡಳಿತದ ಭಾಷೆಯೂ ಉರ್ದು. ಕೋರ್ಟು, ಕಚೇರಿ, ಮೇಲಿನ ತರಗತಿ ಎಲ್ಲವೂ ಉರ್ದುವಿನಲ್ಲೇ ನಡೆದ ರಾಜ್ಯದಲ್ಲಿ, ಆ ವಿಶ್ವವಿದ್ಯಾಲಯದಲ್ಲೇ ಓದಿದ ಹುಡುಗ ಕನ್ನಡದಲ್ಲಿ ಬರೆಯಲು ನಿಂತ. ಅವನ ಕನ್ನಡವನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ಬರೆದರೆ ಬಡ್ತಿ ಇಲ್ಲ, ಬರೆಯದಿದ್ದರೆ ದಂಡ ಇಲ್ಲ. ಉಮೇದು ಆರಿಹೋಗಲು ಇದಕ್ಕಿಂತ ಒಳ್ಳೆಯ ನೆಲ ಬೇಕೆ? ಆಮೇಲೆ ಅವರು ಐಎಎಸ್ ಅಧಿಕಾರಿಯಾದರು. ಕಡತ, ಸಭೆ, ವರ್ಗಾವಣೆ, ಪ್ರವಾಸ ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತೇ ಬರವಣಿಗೆಯ ಹೊತ್ತು. ಕಾವ್ಯಾನಂದ ಎಂಬ ಹೆಸರಿನಲ್ಲಿ ಅವರು ಕವಿತೆ ಬರೆದರು, ಮಕ್ಕಳಿಗೆ ಪದ್ಯ ಬರೆದರು, ನಮ್ಮ ಇಟಗಿಯ ಗುಡಿ ಎದ್ದ ಕಾಲದ ದೊರೆ ಆರನೆಯ ವಿಕ್ರಮಾದಿತ್ಯನನ್ನು ಕುರಿತು ‘ತ್ರಿಭುವನಮಲ್ಲ’ ಎಂಬ ಕಾದಂಬರಿ ಬರೆದರು. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1994ರಲ್ಲಿ ತೀರಿಕೊಂಡರು.

ಅವರ ಬರವಣಿಗೆಯಲ್ಲಿ ನನ್ನ ಕಣ್ಣು ನಿಲ್ಲುವುದು ವಚನಗಳ ಮೇಲೆ. ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ಅಂಕಿತದಲ್ಲಿ ಸಂಪುಟಗಟ್ಟಲೆ ವಚನ ಬರೆದರು. ಕಚೇರಿಯ ದಣಿವಿನಲ್ಲಿ ಮಹಾಕಾವ್ಯಕ್ಕೆ ಕೈ ಹಾಕಲು ಧೈರ್ಯ ಬಾರದವನಿಗೂ ಹತ್ತು ಸಾಲಿನ ವಚನಕ್ಕೆ ಬಲ ಇದ್ದೀತು. ಹನ್ನೆರಡನೆಯ ಶತಮಾನದಲ್ಲಿಯೂ ವಚನ ಹೇಳಿದವರು ಬಿಡುವಿದ್ದ ಜನರಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದರು, ಮೋಳಿಗೆ ಮಾರಯ್ಯ ಕಟ್ಟಿಗೆ ಹೊರುತ್ತಿದ್ದರು, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದರು. ದುಡಿದು ದಣಿದವರ ಉಸಿರಿನ ಅಳತೆಗೆ ಒದಗುವ ಒಂದು ರೂಪ ಕನ್ನಡದಲ್ಲಿ ಒಂಬತ್ತು ಶತಮಾನಗಳಿಂದ ಇದೆ. ಅದನ್ನು ಕೈಯಲ್ಲಿಟ್ಟುಕೊಂಡು ನಾವು ಇಪ್ಪತ್ತು ಪುಟ ಬರೆಯಲಾಗಲಿಲ್ಲವೆಂದು ಕೊರಗುತ್ತೇವೆ.

ಒಪ್ಪಿಸುವ ದಿನದ ಬಲಕ್ಕೆ ಇನ್ನೊಂದು ಸಾಕ್ಷಿ ಬೇಕಾದರೆ ಪಿ. ಲಂಕೇಶರನ್ನು ನೋಡಿ. 1980ರಲ್ಲಿ ತಮ್ಮದೇ ಪತ್ರಿಕೆ ಆರಂಭಿಸಿದವರು 2000ದ ಜನವರಿಯಲ್ಲಿ ತೀರಿಕೊಳ್ಳುವ ತನಕ ಅದರಲ್ಲೇ ಇದ್ದರು. ‘ಟೀಕೆ ಟಿಪ್ಪಣಿ’ ಎಂಬ ಅವರ ಅಂಕಣ ಇಂದು ಸಂಪುಟಗಳಾಗಿ ನಮ್ಮ ಕಪಾಟಿನಲ್ಲಿದೆ. ಅದು ಹುಟ್ಟಿದ್ದು ಮಾತ್ರ ಪತ್ರಿಕೆ ಅಚ್ಚಿಗೆ ಹೋಗುವ ದಿನದ ಒತ್ತಾಯದಲ್ಲಿ. ಅದೇ ಪತ್ರಿಕೆಯಲ್ಲಿ ‘ನೀಲು’ ಎಂಬ ಪುಟ್ಟ ಪುಟ್ಟ ಪದ್ಯಗಳು ಬರುತ್ತಿದ್ದವು, ಮೂರು ನಾಲ್ಕು ಸಾಲಿನವು. ಇಂದು ಜನ ಲಂಕೇಶರ ಕಾವ್ಯವೆಂದರೆ ಮೊದಲು ನೆನೆಯುವುದು ಆ ನೀಲುವನ್ನೇ. ಮೂರು ಸಾಲಿನ ಜಾಗವನ್ನು ತುಂಬಲು ಬರೆದವು ಉಳಿದೇ ಉಳಿದವು. ಅವರಿಗಿಂತ ಬಹಳ ಹಿಂದೆ, ಹಾವೇರಿ ಸೀಮೆಯ ಗಳಗನಾಥರು, ಸಾಲಿ ಮಾಸ್ತರರಾಗಿದ್ದವರು, ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿ ತಿಂಗಳು ತಿಂಗಳು ಕಾದಂಬರಿಯ ಕಂತು ಕೊಟ್ಟರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಜನವನ್ನು ಕಟ್ಟಿದವರು ಅಂಥವರು. ಮುಂದಿನ ಕಂತಿಗೆ ಕಾಯುವ ಓದುಗ ಇದ್ದಾನೆಂಬುದು ಗಳಗನಾಥರಿಗೆ ತಿಳಿದಿತ್ತು.

ಹೊರನಾಡಿನ ಒಂದು ಉದಾಹರಣೆ ನನಗೆ ಬಹಳ ಪ್ರಿಯ. ಇಂಗ್ಲೆಂಡಿನ ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿಗೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. 47 ಕಾದಂಬರಿಗಳನ್ನು ಬರೆದ. ಅಷ್ಟು ಶಿಸ್ತಿನ ಮನುಷ್ಯ ಕೂಡ ತಾನಾಗಿಯೇ ಏಳುತ್ತೇನೆಂದು ನಂಬಿ ಮಲಗುತ್ತಿರಲಿಲ್ಲ. ಬೆಳಗಿನ ಕಾಫಿ ತಂದು ಎಬ್ಬಿಸಲು ಒಬ್ಬ ಹಳೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ತನ್ನ ಗೆಲುವಿಗೆ ಎಲ್ಲರಿಗಿಂತ ಹೆಚ್ಚು ಋಣಿ ಆ ಆಳಿಗೇ ಎಂದು ಆತ್ಮಕಥೆಯಲ್ಲಿ ಬರೆದ. ಅವನ ಸಾವಿನ ನಂತರ, 1883ರಲ್ಲಿ ಆ ಆತ್ಮಕಥೆ ಅಚ್ಚಾದಾಗ ಎಷ್ಟೋ ಓದುಗರಿಗೆ ಅಸಮಾಧಾನವಾಯಿತು. ಗಡಿಯಾರ ನೋಡಿಕೊಂಡು ಬರೆದದ್ದು ಸಾಹಿತ್ಯವಾದೀತೇ ಎಂದು ಕೇಳಿದರು, ಅವನ ಹೆಸರು ಕೆಲವು ಕಾಲ ಇಳಿಯಿತು. ಆ ಕಾದಂಬರಿಗಳನ್ನು ಜನ ಇಂದಿಗೂ ಓದುತ್ತಿದ್ದಾರೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1983ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೆಯಲಾಗದೆ ಒದ್ದಾಡುತ್ತಿದ್ದ ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ತೀರ ಅಗತ್ಯ ಬಿದ್ದರಲ್ಲದೆ ಬರೆಯಬೇಡಿ ಎಂದರು. ಇನ್ನೊಂದಕ್ಕೆ, ಮನಸ್ಸು ಬಂದಾಗ ಬರೆಯಿರಿ ಎಂದರು. ಮೂರನೆಯ ಗುಂಪಿಗೆ ದಿನವೂ ಬರೆಯಲೇಬೇಕೆಂಬ ಕಟ್ಟು ಹಾಕಿದರು. ತಪ್ಪಿದರೆ ಅವರಿಗೆ ಸ್ವಲ್ಪವೂ ಸೇರದ ಒಂದು ಸಂಸ್ಥೆಗೆ ಅವರ ದುಡ್ಡೇ ಹೋಗುತ್ತಿತ್ತು. ಕೊನೆಗೆ ಲೆಕ್ಕ ಹಾಕಿದಾಗ ಆ ಕಟ್ಟಿಗೆ ಒಳಪಟ್ಟವರು, ಮನಸ್ಸು ಬಂದಾಗ ಬರೆದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಪುಟ ಬರೆದಿದ್ದರು. ಪುಟದ ಮಾತು ಹಾಗಿರಲಿ, ಹೊಸ ಹೊಳಹುಗಳು ಹೆಚ್ಚು ಬಂದದ್ದೂ ಅವರಿಗೇ. ಹೊಳಹು ಬಂದ ಮೇಲೆ ಕೂರೋಣ ಎಂದು ಕಾದವರಿಗೆ ಅದು ತಡವಾಗಿ ಬಂತು, ಕೂತವರಿಗೆ ಬೇಗ ಬಂತು. ನೀರು ಮೇಲೆ ಬರಲಿ ಆಮೇಲೆ ಬಾವಿ ತೋಡುತ್ತೇನೆ ಎನ್ನುವ ಒಕ್ಕಲಿಗ ನಮ್ಮ ಎರೆ ಸೀಮೆಯಲ್ಲಿ ಯಾರೂ ಇಲ್ಲ. ಬರೆಯುವವರು ಮಾತ್ರ ಹಾಗೆ ಕಾಯುತ್ತ ಕೂತಿದ್ದೇವೆ.

ಇನ್ನು ವಿಷಯದ ಮಾತು. ಉಮೇದು ಅಡಗುವುದಕ್ಕೆ ಅರ್ಧ ಕಾರಣ ನಾವು ಎತ್ತಿಕೊಳ್ಳುವ ವಿಷಯದ ಗಾತ್ರ. ನಮ್ಮೂರಿನ ಯಾವ ವಿದ್ಯಾರ್ಥಿಯಾದರೂ ಬರೆಯಲು ಕುಳಿತರೆ ಮೊದಲು ತಲೆಗೆ ಬರುವುದು ‘ಇಟಗಿಯ ಮಹಾದೇವ ದೇವಾಲಯ’. ಕಲ್ಯಾಣ ಚಾಲುಕ್ಯರ ಕಾಲ, 1112ನೇ ಇಸವಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ ದೇವಾಲಯ ಚಕ್ರವರ್ತಿ ಎಂಬ ಬಿರುದು. ಇಷ್ಟು ಬರೆಯುವಷ್ಟರಲ್ಲಿ ಪೆನ್ನು ನಿಲ್ಲುತ್ತದೆ. ಇದೆಲ್ಲ ಶಾಲೆಯ ಪುಸ್ತಕದಲ್ಲೂ ಇದೆ, ಹೆನ್ರಿ ಕಸಿನ್ಸ್ 1926ರಲ್ಲಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಅಚ್ಚು ಹಾಕಿಸಿದ ದೊಡ್ಡ ಪುಸ್ತಕದಲ್ಲೂ ಇದೆ. ನಾನೇನು ಹೊಸದು ಹೇಳಲಿ ಎಂದು ಹುಡುಗ ಕೈ ಚೆಲ್ಲುತ್ತಾನೆ. ಅವನದು ತಪ್ಪಿಲ್ಲ. ಇಡೀ ಗುಡಿಯನ್ನು ಒಂದೇ ಸಂಜೆಯಲ್ಲಿ ಎತ್ತಲು ಹೋದರೆ ಯಾರಿಗಾದರೂ ಕೈ ಸೋಲುತ್ತದೆ.

ಅದೇ ಹುಡುಗ ಒಂದೇ ಒಂದು ಕಂಬದ ಮುಂದೆ ಕುಳಿತನೆನ್ನಿ. ಈ ಕಲ್ಲು ಏಕೆ ಇಷ್ಟು ನುಣುಪು? ಬಾದಾಮಿ, ಪಟ್ಟದಕಲ್ಲಿನ ಚಾಲುಕ್ಯರು ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಮೆತ್ತನೆಯ ಕಲ್ಲು, ಉಳಿಗೆ ಒಗ್ಗುತ್ತದೆ, ಸಣ್ಣ ಸಣ್ಣ ಕುಸುರಿಗೆ ಎಡೆ ಕೊಡುತ್ತದೆ. ಕಂಬವನ್ನು ತಿರುಗಿಸಿ ಕಡೆದಂತೆ ದುಂಡಗೆ ಮಾಡಲು ಆದದ್ದು ಅದರಿಂದಲೇ. ಆ ಒಂದು ಕಂಬದ ಮೇಲೆ ಒಂದು ಪುಟ ಬರೆಯಬಹುದು. ಗುಡಿಯ ಮುಂದಿನ ಹೊಂಡದಲ್ಲಿ ಒಂದು ಕಾಲಕ್ಕೆ ಯಾರು ನೀರು ತುಂಬುತ್ತಿದ್ದರು, ಗುಡಿಯ ಸುತ್ತ ಬೇಲಿ ಬರುವ ಮೊದಲು ಈ ಅಂಗಳದಲ್ಲಿ ಏನೇನು ನಡೆಯುತ್ತಿತ್ತು ಎಂದು ಮನೆಯ ಅಜ್ಜಿಯನ್ನು ಕೇಳಿ ಇನ್ನೊಂದು ಪುಟ. ಶ್ರಾವಣ ಸೋಮವಾರ ಯಾವ ಯಾವ ಊರಿನವರು ಬರುತ್ತಾರೆ, ಏನು ಕಟ್ಟಿಕೊಂಡು ಬರುತ್ತಾರೆ ಎಂದು ಮತ್ತೊಂದು. ಕಸಿನ್ಸರ ಪುಸ್ತಕದಲ್ಲಿ ಆ ಅಜ್ಜಿ ಇಲ್ಲ. ಆಕೆ ಹೋದ ಮೇಲೆ ಆ ಮಾತು ಯಾರಿಂದಲೂ ಸಿಗುವುದಿಲ್ಲ. ಇದು ತಿಳಿದ ಮೇಲೆ ಉಮೇದು ಬರಲಿ ಎಂದು ಕಾಯಲು ಮನಸ್ಸು ಒಪ್ಪುವುದು ಹೇಗೆ?

ಕೊಪ್ಪಳ ಜಿಲ್ಲೆಯ ತುಂಬ ಇಂಥ ಪುಟಗಳು ಬಿದ್ದಿವೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ನೂರಾರು ಶಿಲಾಸಮಾಧಿಗಳಿವೆ. ಊರಿನವರು ಅವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಅಲ್ಲಿ ಕುರಿ ಕಾಯುವವರ ಬಾಯಲ್ಲಿ ಆ ಮೋರ್ಯರ ಕಥೆ ಇನ್ನೂ ಇದೆ. ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟು ಬಳಿದು, ಲಾಜವರವೆಂಬ ಮೆರುಗು ಕೊಡುವುದನ್ನು ಒಂದು ಮಧ್ಯಾಹ್ನ ಕುಳಿತು ನೋಡಿ ಬರೆದರೆ ಸಾಕು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ರಾಶಿ ರಾಶಿ ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ. ಆ ರೊಟ್ಟಿ ಬಡಿಯುವ ಓಣಿಯ ಮಾತುಕತೆ ಯಾವ ವರದಿಯಲ್ಲಿ ಬಂದಿದೆ?

ನನ್ನದೇ ಮಾತು ಹೊಳೆಯುತ್ತಿಲ್ಲ ಎನ್ನುವ ದಿನ ಇನ್ನೊಬ್ಬರ ಮಾತನ್ನು ಬರೆದುಕೊಳ್ಳಬಹುದು. ಇದು ಕೆಳದರ್ಜೆಯ ಕೆಲಸವೆಂದು ತಿಳಿಯಬೇಡಿ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ತ್ರಿಪದಿಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಕನ್ನಡದ ಜಾನಪದ ಎಂಬ ಇಡೀ ಶಾಸ್ತ್ರಕ್ಕೆ ದಾರಿ ತೆರೆದ ಪುಸ್ತಕಗಳಲ್ಲಿ ಅದು ಒಂದು. ಗೆಳೆಯರು ಕೂಡಿ ಮಾಡಿದ ಕೆಲಸ ಅದು, ಒಬ್ಬ ಸೋತ ದಿನ ಇನ್ನೊಬ್ಬ ಇರುತ್ತಿದ್ದ. ಬರೆಯುವ ನಾಲ್ಕು ಮಂದಿ ವಾರಕ್ಕೊಮ್ಮೆ ಒಂದು ಕಟ್ಟೆಯ ಮೇಲೆ ಕೂಡುವ ಊರಿನಲ್ಲಿ ಬರವಣಿಗೆ ನಿಲ್ಲುವುದು ಕಡಿಮೆ.

ಈಗ ಓದುಗನ ಮಾತಿಗೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮುಖ್ಯ.

“ಯಾರ ಓದ್ತಾರ್ರೀ ಇದನ್ನ?” ಎಂಬ ಪ್ರಶ್ನೆ ಬರೆಯುವವನ ಬೆನ್ನು ಮುರಿಯುತ್ತದೆ. ನೂರು ಜನ ಓದಲಿ, ಸಾವಿರ ಜನ ಮೆಚ್ಚಲಿ ಎಂದು ಲೆಕ್ಕ ಇಟ್ಟುಕೊಂಡವನಿಗೆ ಹತ್ತು ಜನರ ಮೌನವೇ ಸಾಕು, ಪೆನ್ನು ಕೆಳಗಿಡಲು. ಅದಕ್ಕೆ ನಾನು ಹೇಳುವುದು, ಒಬ್ಬರನ್ನು ಆರಿಸಿಕೊಳ್ಳಿ. ಹೆಸರಿರುವ, ಮುಖವಿರುವ ಒಬ್ಬರನ್ನು. ನಮ್ಮ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಗುಳೆ ಹೋಗದ ಊರು ಇಲ್ಲ ಎಂದರೂ ನಡೆದೀತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಇಲ್ಲವೆ ಮುದುಕರನ್ನೂ ಶಾಲೆಯ ಮಕ್ಕಳನ್ನೂ ಬಿಟ್ಟು, ಮಂಗಳೂರಿಗೋ ಉಡುಪಿಗೋ ಬೆಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಆ ತಗಡಿನ ಶೆಡ್ಡಿನಲ್ಲಿ ರಾತ್ರಿ ಮಲಗಿದ ಅಣ್ಣನಿಗೆ ಊರಿನ ಸುದ್ದಿ ಬೇಕು. ಎರೆ ಹೊಲದಲ್ಲಿ ಈ ಸಲ ಕಡಲಿ ಹೆಂಗೈತಿ, ಕುಸುಬಿ ಹೂವು ಬಿಟ್ಟಿತೋ ಇಲ್ಲೋ, ಎಳ್ಳಮಾಸಿಗೆ ಚರಗ ಚೆಲ್ಲಲು ಯಾರು ಹೋದರು, ಅವ್ವ ಏನು ಮಾಡಿದ್ದಳು, ಹನಮಪ್ಪನ ಗುಡಿಯ ಮುಂದಿನ ಬೇವಿನ ಮರ ಇದೆಯೋ ಬಿತ್ತೋ. ಫೋನಿನಲ್ಲಿ ಎರಡು ನಿಮಿಷ “ಆರಾಮ ಅದೀರೇನ್, ಊಟ ಆತೇನ್” ಎಂದು ಕೇಳುವಷ್ಟರಲ್ಲಿ ಮಾತು ಮುಗಿಯುತ್ತದೆ. ಊರಿನ ಆ ಸುದ್ದಿಗಳೆಲ್ಲ ಹೇಳದೆ ಉಳಿದುಹೋಗುತ್ತವೆ.

ಅವನಿಗೆ ಬರೆಯಿರಿ. “ಅಣ್ಣಗ ತಮ್ಮ ಮಾಡುವ ನಮಸ್ಕಾರ” ಎಂದು ಶುರು ಮಾಡಿ. ಲೇಖನ ಬರೆಯುತ್ತೇನೆಂಬ ಭಾರವೇ ಇಲ್ಲದೆ ಎರಡು ಪುಟ ತುಂಬುತ್ತದೆ. ಎರೆ ಹೊಲದ ಬಿರುಕು ನಿಮ್ಮ ಕಣ್ಣಿಗೆ ಹಳೆಯದು, ಅವನಿಗೆ ಅದು ಬೇಕಾದದ್ದು. ಹೇಳಲೇಬೇಕಾದ ಒಬ್ಬ ಎದುರಿಗಿದ್ದಾನೆಂದರೆ ಭಾಷೆ ತಾನೇ ಸರಿಹೋಗುತ್ತದೆ, ಕೃತಕ ಪದಗಳು ಉದುರಿಬೀಳುತ್ತವೆ, ಎಲ್ಲಿ ಶುರು ಮಾಡಬೇಕೆಂಬ ಗೊಂದಲ ಕಳೆಯುತ್ತದೆ. ಬರೆದು ಮುಗಿದ ಮೇಲೆ ಮೇಲಿನ ನಮಸ್ಕಾರವನ್ನೂ ಕೆಳಗಿನ ಸಹಿಯನ್ನೂ ತೆಗೆದು ನೋಡಿ. ಯಾವ ಪತ್ರಿಕೆಗಾದರೂ ಕಳಿಸಬಹುದಾದ ಬರಹ ಅಲ್ಲಿ ಇರುತ್ತದೆ. ಕಳಿಸದಿದ್ದರೂ ಚಿಂತೆಯಿಲ್ಲ, ಆ ಅಣ್ಣನಿಗಂತೂ ಕಳಿಸಿ. ಅವನು ಶೆಡ್ಡಿನಲ್ಲಿ ಜೊತೆಗಾರರಿಗೆ ಓದಿ ಹೇಳುತ್ತಾನೆ. ಮುಂದಿನ ಪತ್ರ ಯಾವಾಗ ಎಂದು ಅವರೂ ಕೇಳುತ್ತಾರೆ. ಹಾಗೆ ಕೇಳಿದ ದಿನ ನಿಮಗೆ ಒಂದು ಗಡುವು ಸಿಕ್ಕಿತು.

ಕೈಗೆ ಸಿಗುವ ಸಣ್ಣ ಉಪಾಯಗಳು ಒಂದೆರಡು ಇವೆ, ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಹೆಮಿಂಗ್‌ವೇ ಮುಂದೇನು ಬರೆಯಬೇಕೆಂದು ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಬೇಕೆಂದು ಹೇಳುತ್ತಿದ್ದ. ಬತ್ತುವ ತನಕ ಬರೆದು ಎದ್ದರೆ ಮರುದಿನ ಕೂರಲು ಭಯ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಮೊದಲ ಸಾಲೇ ಚೆಂದ ಬರಬೇಕೆಂಬ ಹಟ ಬಿಡಿ, ಮೊದಲ ಸಾಲನ್ನು ಕೊನೆಯಲ್ಲಿ ತಿದ್ದಬಹುದು. ಹಗಲೆಲ್ಲ ದುಡಿದವರು ರಾತ್ರಿ ಬರೆಯಲು ಹೆಣಗುವುದಕ್ಕಿಂತ ಬೆಳಗಿನ ಅರ್ಧ ತಾಸು ನೋಡಿಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಆ ಅರ್ಧ ತಾಸು ಕೂಡ ಸಿಗುವುದಿಲ್ಲ, ಅದನ್ನು ಬಿಡಿಸಿಕೊಡುವ ಹೊಣೆ ಮನೆಯ ಗಂಡಸರದು. ನಮ್ಮ ಸೀಮೆಯಲ್ಲಿ ಬರೆಯದೆ ಹೋದ ಪುಸ್ತಕಗಳಲ್ಲಿ ಬಹುಪಾಲು ಹೆಣ್ಣುಮಕ್ಕಳವೇ ಎಂದು ನಾನು ಬಲ್ಲೆ.

ಒಂದು ಎಚ್ಚರಿಕೆಯನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಸಾಮಾನ್ಯ ಬೇಸರದ ಮಾತು. ಮನೆಯಲ್ಲಿ ಸಾವಾಗಿದ್ದರೆ, ಮೈಗೆ ಕಾಯಿಲೆ ಇದ್ದರೆ ಬರವಣಿಗೆ ಕಾಯಲಿ, ಅದಕ್ಕೆ ನಾಚಿಕೆ ಬೇಡ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಬರವಣಿಗೆಯಷ್ಟೇ ಏಕೆ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನ್ನಿಸುತ್ತದೆ ಎಂದಾದರೆ ಅದು ಚಿಕಿತ್ಸೆ ಇರುವ ಕಾಯಿಲೆ. ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕರೆಗೆ ದುಡ್ಡು ಬೀಳುವುದಿಲ್ಲ.

ಉಳಿದವರಲ್ಲಿ ನನ್ನದೊಂದು ಬೇಡಿಕೆ. ಈ ಭಾಷಣ ಮುಗಿದ ಮೇಲೆ ಒಂದು ನೋಟ್‌ಬುಕ್ ತೆಗೆಯಿರಿ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಾದರೂ ನಡೆದೀತು. ಮೇಲೆ ಇವತ್ತಿನ ತಾರೀಖು ಹಾಕಿ, ಊರಿನ ಹೆಸರು ಬರೆಯಿರಿ. ಕೆಳಗೆ ಊರು ಬಿಟ್ಟುಹೋದ ಒಬ್ಬರ ಹೆಸರು ಬರೆಯಿರಿ. ಈ ವಾರ ನಿಮ್ಮೂರಿನಲ್ಲಿ ಕಂಡದ್ದು ಒಂದನ್ನು, ಕೇಳಿದ್ದು ಒಂದನ್ನು ಅವರಿಗೆ ತಿಳಿಯುವಂತೆ ಒಂದು ಪುಟ ಬರೆಯಿರಿ. ಬರುವ ಭಾನುವಾರ ಮನೆಯಲ್ಲಿ ಯಾರಿಗಾದರೂ ಅದನ್ನು ದನಿ ಎತ್ತಿ ಓದಿ ಹೇಳಿ, ಸೋಮವಾರ ಅಂಚೆಗೆ ಹಾಕಿ ಅಥವಾ ಮೊಬೈಲಿನಲ್ಲಿ ಕಳಿಸಿ. ಅದರ ಮುಂದಿನ ಭಾನುವಾರ ಇನ್ನೊಂದು ಪುಟ ಓದುತ್ತೇನೆಂದು ಈಗಲೇ ಅವರಿಗೆ ಮಾತು ಕೊಡಿ.